ಮಡಚುವ ಚಾಕು, ಮಸೆಯುವ ಕಲ್ಲು

ನಮ್ಮ ಎಲೆ ಅಡಿಕೆ ಚೀಲದಲ್ಲಿ ಏನೇನಿರುತ್ತೆ? ಎಲೆ, ಅಡಿಕೆ, ಸುಣ್ಣದ ಡಬ್ಬಿ, ನಾಲ್ಕು ಕಾಸು. ಜೊತೆಗೆ ಒಂದು ಅಡಕತ್ತರಿ. ಅಡಕತ್ತರಿಗೆ ಎರಡು ಕಾಲು. ನಡುವೆ ಒಂದು ಕೀಲು. ಕೀಲು ಸಡಿಲವಾದರೆ ಅಡಿಕೆ ಜಾರುತ್ತೆ. ಬಾಯಿ ಮೊಂಡಾದರೆ ಅಡಿಕೆ ಹೋಳಾಗೋದಿಲ್ಲ, ಪುಡಿಯಾಗುತ್ತೆ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಡಚುವ ಚಾಕುವೂ ಇದೇ ಜಾತಿಯದು. ಅದಕ್ಕೂ ಒಂದು ಕೀಲು ಇದೆ. ಕೊಯ್ಯುವ ಭಾಗಕ್ಕೆ ಅಲಗು ಅನ್ನುತ್ತೇವೆ. ಅಲಗಿನ ಹರಿತವಾದ ಅಂಚು ಬಾಯಿ. ಅದರ ಎದುರು ದಪ್ಪಗಿರೋದು ಬೆನ್ನು. ತುದಿ ಮೊನೆ. ಕೈಲಿ ಹಿಡಿಯೋದು ಹಿಡಿ. ಕೆಲಸ ಮುಗಿದ ಮೇಲೆ ಅಲಗು ಹಿಡಿಯ ಒಳಗೆ ಹೋಗಿ ಮಲಗುತ್ತೆ. ಮಡಿಲಲ್ಲಿ ಇಟ್ಟುಕೊಂಡರೂ ಚುಚ್ಚೋದಿಲ್ಲ. ಎಲೆ ಅಡಿಕೆ ಚೀಲದಲ್ಲಿ ಹಾಕಿದರೂ ಚೀಲ ಹರಿಯೋದಿಲ್ಲ. ಹೊಲಕ್ಕೆ, ತೋಟಕ್ಕೆ, ಸಂತೆಗೆ, ದೂರದ ಊರಿಗೆ ಜೊತೆಗೆ ಒಯ್ಯಬಹುದು.

ಈ ಪಾಠದಲ್ಲಿ ಎರಡು ಮಾತು ಆಡೋಣ. ಒಳ್ಳೆಯ ಚಾಕು ಅಂದರೆ ಯಾವುದು? ಅದನ್ನು ನಮ್ಮ ಕೈಯಲ್ಲೇ ಮಸೆಯೋದು ಹೇಗೆ?

ಉಳಿದ ಚಾಕು ಯಾರಿಗೆ?

ಅಜ್ಜಂಪುರದ ಸುತ್ತ, ಕಡೂರಿನ ಕಡೆ ಈರುಳ್ಳಿ ಬೆಳೆಯುತ್ತಾರೆ. ಈರುಳ್ಳಿ ಕಿತ್ತು ಒಣಗಿಸಿದ ಮೇಲೆ ಹೊಲದಲ್ಲಿ ಹೆಂಗಸರ ಸಾಲು ಕೂರುತ್ತೆ. ಒಂದೊಂದೇ ಗೆಡ್ಡೆ ಹಿಡಿದು ಗರಿ ಕೊಯ್ಯಬೇಕು, ಬೇರು ಸವರಬೇಕು. ಕೆಲವು ಕಡೆ ದಿನಗೂಲಿ. ಕೆಲವು ಕಡೆ ಚೀಲದ ಲೆಕ್ಕ. ಚೀಲದ ಲೆಕ್ಕದಲ್ಲಿ ಚಾಕು ಮೊಂಡಾದರೆ ಕೂಲಿಯೂ ಮೊಂಡು. ಪಕ್ಕದವಳು ಮೂರು ಚೀಲ ತುಂಬಿಸುವ ಹೊತ್ತಿಗೆ ನಮ್ಮದು ಎರಡೇ.

ಗರಿಯನ್ನು ಗೆಡ್ಡೆಗೆ ತಾಗಿಸಿ ಕೊಯ್ಯಬಾರದು. ಸುಮಾರು ಒಂದು ಅಂಗುಲ ಕುತ್ತಿಗೆ ಬಿಡಬೇಕು. ಹರಿತವಾದ ಚಾಕು ಕುತ್ತಿಗೆಯನ್ನು ಒಂದೇ ಏಟಿಗೆ ನೀಟಾಗಿ ಕೊಯ್ಯುತ್ತೆ. ಮೊಂಡು ಚಾಕು ಜಗ್ಗುತ್ತೆ, ಸಿಪ್ಪೆ ಸೀಳುತ್ತೆ. ಸೀಳಿದ ಜಾಗದಲ್ಲಿ ನೀರು ಸೇರಿ ಈರುಳ್ಳಿ ಕೊಳೆಯುತ್ತೆ. ಆಗ ಬೆಳೆದವರಿಗೂ ನಷ್ಟ.

ತರೀಕೆರೆ ಕಡೆ ಅಡಿಕೆಯ ಕೆಲಸ. ಕೊನೆ ಇಳಿಸಿದ ದಿನವೇ ಸುಲಿಯಲು ಕೂರುತ್ತಾರೆ. ಮಣೆಗೆ ನಿಲ್ಲಿಸಿದ ಮೆಟ್ಟುಗತ್ತಿ. ಅದರ ಮುಂದೆ ಕೂತು ರಾತ್ರಿ ಹತ್ತು, ಹನ್ನೊಂದರವರೆಗೂ ಸುಲಿಯೋದು. ಈಗ ಸುಲಿಯುವ ಯಂತ್ರಗಳು ಬಂದಿವೆ. ಆದರೂ ಕೈಯಲ್ಲಿ ಸುಲಿಯೋದು ನಿಂತಿಲ್ಲ. ಇಲ್ಲೂ ಸುಲಿದಷ್ಟಕ್ಕೇ ಕಾಸು.

ಹೊಲದ ಮಾಲೀಕರು ಒಂದು ಬುಟ್ಟಿ ಚಾಕು ತಂದು ಸುರಿಯೋದೂ ಉಂಟು. ಮೊದಲು ಬಂದವರು ಒಳ್ಳೆಯದನ್ನು ಆರಿಸುತ್ತಾರೆ. ಕೊನೆಗೆ ಬಂದವರಿಗೆ ಉಳಿದದ್ದು. ಕೊನೆಗೆ ಬರೋದು ಯಾರು? ಮಕ್ಕಳಿಗೆ ಉಣ್ಣಿಸಿ, ದನಕ್ಕೆ ಹುಲ್ಲು ಹಾಕಿ, ನೀರು ತಂದಿಟ್ಟು ಬರುವವಳು.

ಅದಕ್ಕೇ ನಾವು ಹೇಳೋದು: ಕೊಯ್ಯುವ ಕೆಲಸ ಮಾಡುವವಳ ಹತ್ತಿರ ಅವಳದೇ ಚಾಕು ಇರಬೇಕು.

“ಅಯ್ಯೋ, ಹರಿತ ಇದ್ದರೆ ಕೈ ಕೊಯ್ಯಲ್ವಾ ಅಕ್ಕ?” ಅಂತ ಕೆಲವರು ಕೇಳುತ್ತಾರೆ.

ಹೆಚ್ಚು ಕೊಯ್ಯೋದು ಮೊಂಡು ಚಾಕುವೇ ಕಣವ್ವ. ಮೊಂಡಾದ್ದಕ್ಕೆ ಬಲ ಹಾಕಬೇಕು. ಬಲ ಹಾಕಿದಾಗ ಜಾರುತ್ತೆ. ಜಾರಿದಾಗ ಆ ಬಲವೆಲ್ಲ ನಮ್ಮ ಬೆರಳ ಮೇಲೇ ಬೀಳುತ್ತೆ. ಹರಿತವಾದದ್ದು ಹೇಳಿದ ಕಡೆ ಹೋಗುತ್ತೆ.

ಕಬ್ಬಿಣಕ್ಕೆ ಉಪ್ಪು ಹಾಕಿದ ಹಾಗೆ

ಚಾಕು ನೋಡೋಕೆ ಎಲ್ಲ ಒಂದೇ. ಒಂದು ಚಾಕು ತಿಂಗಳುಗಟ್ಟಲೆ ಹರಿತ ಉಳಿಸುತ್ತೆ. ಇನ್ನೊಂದು ಸಂಜೆಗೇ ಮೊಂಡಾಗುತ್ತೆ. ಯಾಕೆ?

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಗೆ ನಮ್ಮಲ್ಲಿ ಎಷ್ಟೋ ಜನ ಹೋಗಿದ್ದೀವಿ. ಹೆಸರಿನಲ್ಲೇ ಕೆಂಪು ಮಣ್ಣು ಇದೆ. ಆ ಕೆಂಪು ಕಬ್ಬಿಣದ್ದು. ಅಲ್ಲಿಯ ಅದಿರು ಹಿಂದೆ ಹಗ್ಗದ ದಾರಿಯಲ್ಲಿ, ತೂಗುವ ತೊಟ್ಟಿಗಳಲ್ಲಿ ಬೆಟ್ಟ ಇಳಿದು ಭದ್ರಾವತಿಗೆ ಹೋಗುತ್ತಿತ್ತು. ಭದ್ರಾವತಿಯ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ತಯಾರಾಗಲು ಶುರುವಾಯಿತು. ಆಗ ಮೈಸೂರು ಮಹಾರಾಜರ ಕಾಲ. ವಿಶ್ವೇಶ್ವರಯ್ಯನವರು ಅದರ ಹಿಂದೆ ನಿಂತಿದ್ದರು. ಸುತ್ತಲ ಕಾಡಿನ ಸೌದೆ ಸುಟ್ಟು ಮಾಡಿದ ಇದ್ದಿಲೇ ಆ ಒಲೆಗೆ ಉರುವಲು.

ಬರೀ ಕಬ್ಬಿಣ ಮೆತ್ತಗಿರುತ್ತೆ. ಅದಕ್ಕೆ ಇಂಗಾಲ ಸೇರಬೇಕು. ಇಂಗಾಲ ಅಂದರೆ ಇದ್ದಿಲಿನ ಸಾರ. ಬಾಗಿಲಿನ ಸರಳು, ಕಿಟಕಿಯ ಕಂಬಿಯಂಥದ್ದರಲ್ಲಿ 100 ಕಿಲೋಗೆ ಕಾಲು ಕಿಲೋ ಇಂಗಾಲವೂ ಇರೋದಿಲ್ಲ. ಚಾಕುವಿನ ಉಕ್ಕಿನಲ್ಲಿ ಸಾಮಾನ್ಯವಾಗಿ ಅರ್ಧ ಕಿಲೋದಿಂದ ಒಂದು ಕಿಲೋ ಇರುತ್ತೆ. ಇಷ್ಟೇ ವ್ಯತ್ಯಾಸ. ಸಾರಿಗೆ ಉಪ್ಪು ಎಷ್ಟು ಹಾಕುತ್ತೀವಿ? ಒಂದು ಚಿಟಿಕೆ ಹೆಚ್ಚು ಕಡಿಮೆಯಾದರೆ ರುಚಿಯೇ ಬೇರೆ. ಉಕ್ಕೂ ಹಾಗೆಯೇ.

ಇಂಗಾಲ ಇದ್ದರೆ ಸಾಲದು. ಹದ ಬೇಕು. ಕಮ್ಮಾರರ ಕುಲುಮೆಯಲ್ಲಿ ನೋಡಿದ್ದೀವಲ್ಲ, ಅಲಗನ್ನು ಕೆಂಪಗೆ ಕಾಯಿಸುತ್ತಾರೆ. ಚುಂಯ್ ಅಂತ ನೀರಲ್ಲೋ ಎಣ್ಣೆಯಲ್ಲೋ ಅದ್ದುತ್ತಾರೆ. ಆಗ ಅಲಗು ಗಟ್ಟಿಯಾಗುತ್ತೆ. ಆದರೆ ಗಾಜಿನ ಹಾಗೆ ಒಡೆಯುವ ಗುಣವೂ ಬರುತ್ತೆ. ಅದಕ್ಕೆ ಮತ್ತೆ ಮೆಲ್ಲಗೆ ಸ್ವಲ್ಪ ಕಾಯಿಸುತ್ತಾರೆ. ಒಳ್ಳೆಯ ಕಮ್ಮಾರರ ಗುಟ್ಟೆಲ್ಲ ಈ ಎರಡನೇ ಬೆಂಕಿಯಲ್ಲಿದೆ. ಹಳೇ ಲಾರಿಯ ಪಟ್ಟಿಯಿಂದ ಮಚ್ಚು ಮಾಡೋದು ಯಾಕೆ ಅಂತ ಈಗ ತಿಳಿಯಿತು. ಲಾರಿ ಪಟ್ಟಿಯಲ್ಲಿ ಇಂಗಾಲ ಬೇಕಾದಷ್ಟು ಇರುತ್ತೆ.

ತುಕ್ಕು ಹಿಡಿಯದ ಉಕ್ಕು ಬೇರೆ. ಅದರಲ್ಲಿ ಇಂಗಾಲದ ಜೊತೆಗೆ ಕ್ರೋಮಿಯಂ ಎಂಬ ಲೋಹವೂ ಇರುತ್ತೆ. 100 ಕಿಲೋಗೆ ಹತ್ತು ಕಿಲೋಗಿಂತ ಹೆಚ್ಚು. ಅದನ್ನೇ ಸ್ಟೀಲು ಅಂತ ಕರೆಯುತ್ತೇವೆ. ಅಡಿಕೆಯ ಒಗರು ತಾಗಿದರೆ ಬರೀ ಕಬ್ಬಿಣದ ಅಲಗು ಕಪ್ಪಾಗುತ್ತೆ. ಸ್ಟೀಲು ಅಷ್ಟು ಬೇಗ ಕಪ್ಪಾಗೋದಿಲ್ಲ. ಆದರೆ ಸ್ಟೀಲಿಗೆ ತುಕ್ಕು ಬರೋದೇ ಇಲ್ಲ ಅಂತ ತಿಳಿಯಬೇಡಿ. ಒದ್ದೆಯಾಗಿ ಬಿಟ್ಟರೆ ಅದಕ್ಕೂ ಕಲೆ ಹತ್ತುತ್ತೆ.

ಒಬ್ಬ ತಾಯಿಯ ಹೆಸರು

ಮಡಚುವ ಚಾಕುವಿನಲ್ಲಿ ಹೆಸರಾದದ್ದು ಸ್ವಿಟ್ಜರ್ಲೆಂಡಿನದು. ಅದು ಬೆಟ್ಟಗಳ ದೇಶ. ನಮ್ಮ ಮುಳ್ಳಯ್ಯನಗಿರಿಗಿಂತ ಎಷ್ಟೋ ಎತ್ತರದ ಬೆಟ್ಟಗಳು ಅಲ್ಲಿವೆ. ಅಲ್ಲಿ ಇಬಾಖ್ ಎಂಬ ಊರಲ್ಲಿ ಕಾರ್ಲ್ ಎಲ್ಸೆನರ್ ಎಂಬುವನು 1884ರಲ್ಲಿ ಚಾಕು ಮಾಡುವ ಅಂಗಡಿ ಇಟ್ಟ. 1891ರಲ್ಲಿ ಅಲ್ಲಿಯ ಸೈನಿಕರಿಗೆ ಮಡಚುವ ಚಾಕು ಮಾಡಿಕೊಟ್ಟ. 1897ರಲ್ಲಿ ಇನ್ನೂ ಹಗುರವಾದ, ಹೆಚ್ಚು ಸಲಕರಣೆಯ ಚಾಕು ತಂದ. ಒಂದೇ ಹಿಡಿಯಲ್ಲಿ ಅಲಗು, ಡಬ್ಬಿ ತೆಗೆಯುವ ಸಾಧನ, ತಿರುಪುಳಿ, ದಬ್ಬಳ.

1909ರಲ್ಲಿ ಎಲ್ಸೆನರನ ತಾಯಿ ತೀರಿಕೊಂಡರು. ಅವರ ಹೆಸರು ವಿಕ್ಟೋರಿಯಾ. ಮಗ ಆ ಹೆಸರನ್ನೇ ತನ್ನ ಚಾಕುಗಳಿಗೆ ಗುರುತಾಗಿ ಇಟ್ಟ. ಮುಂದೆ ತುಕ್ಕು ಹಿಡಿಯದ ಉಕ್ಕು ಬಂತು. ಫ್ರೆಂಚ್ ಮಾತಿನಲ್ಲಿ ಅದಕ್ಕೆ ಇನಾಕ್ಸ್ ಅನ್ನುತ್ತಾರೆ. 1921ರಲ್ಲಿ ಎರಡೂ ಸೇರಿ ವಿಕ್ಟೋರಿನಾಕ್ಸ್ ಆಯಿತು. ಸೈನಿಕರ ಜೇಬಿನ ಚಾಕುವಿಗೆ ಒಬ್ಬ ತಾಯಿಯ ಹೆಸರು! ಇದು ಎಷ್ಟು ಜನಕ್ಕೆ ಗೊತ್ತೋ.

ಇದರ ಬೆಲೆ ಕೇಳಿದರೆ ನಮಗೆ ಎದೆ ಝಲ್ಲೆನ್ನುತ್ತೆ. ಇದಕ್ಕಿಂತ ದುಬಾರಿಯವೂ ಇವೆ. ದುಬಾರಿ ಚಾಕುವಿಗೆ ಕೊಡುವ ದುಡ್ಡು ಎಲ್ಲಿಗೆ ಹೋಗುತ್ತೆ? ಒಳ್ಳೆಯ ಉಕ್ಕಿಗೆ, ಸರಿಯಾದ ಹದಕ್ಕೆ, ಅಲುಗಾಡದ ಕೀಲಿಗೆ. ಸ್ವಲ್ಪ ಭಾಗ ಬರೀ ಹೊಳಪಿಗೂ ಹೋಗುತ್ತೆ. ಉಕ್ಕಿನ ಗಟ್ಟಿತನ ಅಳೆಯಲು ರಾಕ್‌ವೆಲ್ ಎಂಬ ಅಳತೆ ಇದೆ. ಸ್ವಿಟ್ಜರ್ಲೆಂಡಿನ ಆ ಚಾಕು ಸುಮಾರು 56. ಕೆಲವು ಬಹಳ ದುಬಾರಿ ಚಾಕುಗಳು 60 ದಾಟುತ್ತವೆ. ಹೆಚ್ಚು ಗಟ್ಟಿಯಾದಷ್ಟೂ ಹರಿತ ಹೆಚ್ಚು ದಿನ ಉಳಿಯುತ್ತೆ. ಆದರೆ ಮಸೆಯೋದೂ ಅಷ್ಟೇ ಕಷ್ಟ. ಕಲ್ಲಿಗೆ ಬಡಿದರೆ ಬಾಯಿ ಚಕ್ಕೆ ಏಳುತ್ತೆ. ನಮ್ಮ ಕೆಲಸಕ್ಕೆ 60ರ ಚಾಕು ಬೇಕಿಲ್ಲ. ನಮ್ಮ ಕಲ್ಲಿನ ಮೇಲೆ ನಾವೇ ಮಸೆಯಲು ಆಗುವಂಥದ್ದು ಸಾಕು. ಚಿನ್ನದ ಚೂರಿ ಅಂತ ಹೊಟ್ಟೆಗೆ ಚುಚ್ಚಿಕೊಳ್ಳೋಕಾಗುತ್ತಾ?

ಕೊಳ್ಳುವಾಗ

ಅಂಗಡಿಯಲ್ಲಿ ನಾಚಿಕೆ ಬೇಡ. ಚಾಕು ಕೈಗೆ ತೆಗೆದುಕೊಳ್ಳಿ. ಅಲಗನ್ನು ಬಿಚ್ಚಿ, ಬೆನ್ನು ಹಿಡಿದು ಆ ಕಡೆ ಈ ಕಡೆ ಅಲುಗಾಡಿಸಿ. ಲೊಡಲೊಡ ಅಂದರೆ ವಾಪಸ್ ಕೊಡಿ. ಹೊಸದರಲ್ಲೇ ಅಲುಗಾಡುವ ಕೀಲು ಮುಂದೆ ಬಿಗಿಯಾಗೋದಿಲ್ಲ. ಮಡಚಿದಾಗ ಮೊನೆ ಹಿಡಿಯಿಂದ ಹೊರಗೆ ಇಣುಕಬಾರದು.

ಕೆಲವು ಚಾಕುಗಳ ಒಳಗೆ ಒಂದು ಪಟ್ಟಿ ಇರುತ್ತೆ. ಅಲಗು ಬಿಚ್ಚಿದ ಕೂಡಲೇ ಅದು ಟಕ್ ಅಂತ ಅಡ್ಡ ಬಂದು ನಿಲ್ಲುತ್ತೆ. ಅದನ್ನು ಒತ್ತಿದರೆ ಮಾತ್ರ ಅಲಗು ಮಡಚುತ್ತೆ. ಇದು ಒಳ್ಳೆಯದು. ಈ ತಡೆ ಇಲ್ಲದ ಚಾಕುವಿನಲ್ಲಿ ಮೊನೆಯಿಂದ ಚುಚ್ಚುವ ಕೆಲಸ ಮಾಡಬೇಡಿ. ಅಲಗು ತಟ್ಟನೆ ಮಡಚಿಕೊಂಡು ಬೆರಳನ್ನು ಕಚ್ಚುತ್ತೆ. ಗುಂಡಿ ಒತ್ತಿದರೆ ಚಂಗನೆ ಹಾರುವ ಚಾಕು ನಮಗೆ ಬೇಡ. ಅದು ಕೆಲಸದ್ದಲ್ಲ, ಹೆದರಿಸುವವರದು.

ಅಲಗಿನ ಮೇಲೆ ಅಕ್ಷರ ಇದ್ದರೆ ಒಂದೊಂದಾಗಿ ಓದಿ. ಹೆಸರಾದ ಚಾಕುವಿನ ನಕಲಿಯೂ ಬರುತ್ತೆ. ನಕಲಿಯಲ್ಲಿ ಹೆಸರಿನ ಒಂದು ಅಕ್ಷರ ಬದಲಾಗಿರೋದು ಉಂಟು. ಓದು ಬಂದವರಿಗೆ ಅದು ಕಾಣುತ್ತೆ.

ಕಾನೂನಿನ ಮಾತೂ ತಿಳಿದಿರಲಿ. 1959ರ ಆಯುಧ ಕಾಯ್ದೆ ಇದೆ. ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇರುವ ಚೂರಿ, ಕತ್ತಿಗಳು ಅದರ ನಿಯಮಕ್ಕೆ ಬರುತ್ತವೆ. ಮನೆಗೆಲಸ, ಬೇಸಾಯಕ್ಕೆ ಅಂತಲೇ ಮಾಡಿದವನ್ನು ಅದರಿಂದ ಬಿಟ್ಟಿದ್ದಾರೆ. ಮೂರು ಅಂಗುಲದ ಕೆಲಸದ ಚಾಕುವಿಗೆ ಹೆದರಬೇಕಿಲ್ಲ. ವಿಮಾನದಲ್ಲಿ ಮಾತ್ರ ಕೈಚೀಲದಲ್ಲಿ ಒಯ್ಯಲು ಬಿಡೋದಿಲ್ಲ.

ಮಸೆಯೋದು

ಮೊದಲು ಊರಿಗೆ ಸಾಣೆ ಹಿಡಿಯುವವರು ಬರುತ್ತಿದ್ದರು. ಈಗಲೂ ಅಪರೂಪಕ್ಕೆ ಸೈಕಲ್ಲಿನಲ್ಲಿ ಬರುತ್ತಾರೆ. ಚಕ್ರ ತಿರುಗಿ ಕಿಡಿ ಹಾರೋದನ್ನು ನೋಡಲು ಮಕ್ಕಳಿಗೆ ಚಂದ. ಆದರೆ ಒಂದು ಗಮನಿಸಿ. ಚಕ್ರಕ್ಕೆ ಹೆಚ್ಚು ಹೊತ್ತು ಒತ್ತಿದರೆ ಅಲಗು ಬಿಸಿಯಾಗಿ ಬಾಯಿ ನೀಲಿ ಬಣ್ಣಕ್ಕೆ ತಿರುಗುತ್ತೆ. ಹಾಗಾದರೆ ಆ ಜಾಗದಲ್ಲಿ ಹದ ಹೋಯಿತು ಅಂತಲೇ ಅರ್ಥ. ಮತ್ತೆ ಎಷ್ಟು ಮಸೆದರೂ ಅಲ್ಲಿ ಹರಿತ ನಿಲ್ಲೋದಿಲ್ಲ. “ಅಣ್ಣ, ನಡುನಡುವೆ ನೀರಲ್ಲಿ ಅದ್ದಿ” ಅಂತ ಹೇಳಿ.

ನಾವೇ ಮಸೆಯೋದಕ್ಕೆ ಒಂದು ಕಲ್ಲು ಬೇಕು. ಒಗೆಯುವ ಕಲ್ಲಿಗೆ, ಬಾವಿಕಟ್ಟೆಗೆ ಉಜ್ಜೋದು ನಮಗೆ ರೂಢಿ. ಮಚ್ಚು, ಕುಡುಗೋಲಿಗೆ ಅದು ನಡೆಯುತ್ತೆ. ಸಣ್ಣ ಚಾಕುವಿಗೆ ಅದು ಒರಟು. ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಮುಖದ ಕಲ್ಲು ಸಿಗುತ್ತೆ. ಒಂದು ಮುಖ ತರಿ, ಒಂದು ಮುಖ ನುಣುಪು. ಕೆಲವು ಕಲ್ಲಿನ ಮೇಲೆ ಅಂಕಿ ಬರೆದಿರುತ್ತೆ. ಅಂಕಿ ದೊಡ್ಡದಾದಷ್ಟೂ ಕಲ್ಲು ನುಣುಪು. 120 ಅಂದರೆ ಬಹಳ ತರಿ. 1000 ಅಂದರೆ ನುಣುಪು. ಒಬ್ಬೊಬ್ಬರೂ ಒಂದೊಂದು ಕೊಳ್ಳಬೇಕಾಗಿಲ್ಲ. ಸಂಘದ ಹತ್ತು ಜನಕ್ಕೆ ಒಂದು ಒಳ್ಳೆಯ ಕಲ್ಲು ಸಾಕು, ವರ್ಷಗಟ್ಟಲೆ ಬರುತ್ತೆ.

ಕಲ್ಲಿನ ಕೆಳಗೆ ಒದ್ದೆ ಬಟ್ಟೆ ಹಾಕಿ. ಆಗ ಕಲ್ಲು ಜಾರೋದಿಲ್ಲ. ಕಲ್ಲಿನ ಮೇಲೆ ನೀರು ಚಿಮುಕಿಸಿ. ಚಾಕುವಿನ ತಡೆ ಸರಿಯಾಗಿ ಕೂತಿದೆಯಾ ನೋಡಿ.

ಈಗ ಮುಖ್ಯವಾದ ಮಾತು, ಓರೆ. ಅಲಗನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸಬಾರದು. ಪೂರ್ತಿ ನಿಲ್ಲಿಸಲೂ ಬಾರದು. ಎಷ್ಟು ಓರೆ? ಮಕ್ಕಳ ಹಳೇ ನೋಟ್ ಪುಸ್ತಕದ ಒಂದು ಹಾಳೆ ತೆಗೆದುಕೊಳ್ಳಿ. ಹಾಳೆಯ ಮೂಲೆ ನೆಟ್ಟಗಿರುತ್ತೆ. ಒಂದು ಅಂಚನ್ನು ಇನ್ನೊಂದು ಅಂಚಿಗೆ ಕೂಡಿಸಿ ಮಡಚಿ. ಮೂಲೆ ಅರ್ಧವಾಯಿತು. ಮತ್ತೊಮ್ಮೆ ಹಾಗೆಯೇ ಮಡಚಿ. ಕಾಲು ಭಾಗವಾಯಿತು. ಆ ಚೂಪು ಮೂಲೆಯನ್ನು ಕಲ್ಲಿನ ಮೇಲಿಟ್ಟು ಅಲಗನ್ನು ಅದಕ್ಕೆ ಒರಗಿಸಿ ನೋಡಿ. ಅಷ್ಟೇ ಓರೆ. ಮೂಲೆ 90 ಡಿಗ್ರಿ. ಅರ್ಧ 45. ಕಾಲು ಇಪ್ಪತ್ತೆರಡೂವರೆ. ಮನೆಯ ಚಾಕು, ಮಡಚುವ ಚಾಕು ಎರಡಕ್ಕೂ ಇದು ಸರಿ. ತೆಂಗಿನಕಾಯಿ ಒಡೆಯುವ ಮಚ್ಚಿಗೆ ಇನ್ನೂ ಸ್ವಲ್ಪ ಎತ್ತರಿಸಬೇಕು. ಇಲ್ಲದಿದ್ದರೆ ಬಾಯಿ ತೆಳುವಾಗಿ ಮಡಚಿಕೊಳ್ಳುತ್ತೆ.

ಆ ಓರೆ ಬಿಡದೆ, ಕಲ್ಲಿನಿಂದ ತೆಳ್ಳಗೆ ಒಂದು ಪದರ ಕೆತ್ತುವ ಹಾಗೆ ಅಲಗನ್ನು ಮುಂದಕ್ಕೆ ತಳ್ಳಿ. ಬುಡದಿಂದ ಮೊನೆಯವರೆಗೂ ಬಾಯಿ ಕಲ್ಲಿಗೆ ತಾಗಬೇಕು. ಮೊನೆಯ ಹತ್ತಿರ ಅಲಗು ಬಾಗಿರುತ್ತೆ. ಅಲ್ಲಿ ಹಿಡಿಯನ್ನು ಸ್ವಲ್ಪ ಎತ್ತಿ. ಬಲ ಬೇಡ. ಬೆರಳಿನ ಭಾರ ಸಾಕು. ಅವಸರವೂ ಬೇಡ. ರೊಟ್ಟಿ ತಟ್ಟುವಾಗ ಕೈ ತಾನಾಗಿ ಒಂದು ಲಯಕ್ಕೆ ಬರುತ್ತಲ್ಲ, ಹಾಗೆ ಬರುತ್ತೆ. ಎರಡು ಮೂರು ದಿನ ಬೇಕು, ಅಷ್ಟೇ.

ಓರೆ ಸರಿ ಇದೆಯೋ ಇಲ್ಲವೋ ತಿಳಿಯೋದು ಹೇಗೆ? ಬಾಯಂಚಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಹಚ್ಚಿ. ನಾಲ್ಕು ಸಲ ಮಸೆದು ನೋಡಿ. ಅಂಚಿನ ಬಣ್ಣ ಹೋಗಿದ್ದರೆ ಸರಿ. ಮೇಲಿನ ಬಣ್ಣ ಮಾತ್ರ ಹೋಗಿ ಅಂಚಿನದು ಉಳಿದಿದ್ದರೆ ಅಲಗನ್ನು ಹೆಚ್ಚು ಮಲಗಿಸಿದ್ದೀರಿ.

ಎಲ್ಲಿಯವರೆಗೆ ಮಸೆಯಬೇಕು? ಹತ್ತು ಸಲ, ಇಪ್ಪತ್ತು ಸಲ ಅಂತ ಲೆಕ್ಕ ಇಲ್ಲ. ಒಂದು ಕಡೆ ಮಸೆಯುತ್ತಾ ಹೋದರೆ ಕೂದಲೆಳೆಯಷ್ಟು ಉಕ್ಕು ಇನ್ನೊಂದು ಕಡೆಗೆ ಮಗುಚಿಕೊಳ್ಳುತ್ತೆ. ಕಣ್ಣಿಗೆ ಕಾಣೋದಿಲ್ಲ. ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಮೆಲ್ಲಗೆ ಸವರಿ, ಹೊರಕ್ಕೆ ತನ್ನಿ. ಅಂಚಿನಲ್ಲಿ ಬೆರಳು ತೊಡರಿದ ಹಾಗಾಗುತ್ತೆ. ಬಾಯಿಯ ಉದ್ದಕ್ಕೆ ಮಾತ್ರ ಬೆರಳು ಎಳೆಯಬೇಡಿ, ಕೊಯ್ಯುತ್ತೆ. ಬುಡದಿಂದ ಮೊನೆಯವರೆಗೂ ಹಾಗೆ ತೊಡರಿದರೆ ಒಂದು ಕಡೆ ಮುಗಿಯಿತು. ಈಗ ತಿರುಗಿಸಿ ಇನ್ನೊಂದು ಕಡೆ ಮಸೆಯಿರಿ. ಈ ತೊಡರು ಬರುವ ಮೊದಲೇ ತಿರುಗಿಸೋದರಿಂದಲೇ ಬಹಳ ಜನರ ಚಾಕು ಹರಿತವಾಗೋದಿಲ್ಲ.

ತರಿ ಮುಖದಲ್ಲಿ ಎರಡೂ ಕಡೆ ಮುಗಿದ ಮೇಲೆ ನುಣುಪು ಮುಖಕ್ಕೆ ಬನ್ನಿ. ಇಲ್ಲಿ ಇನ್ನೂ ಹಗುರ ಕೈ. ಕೊನೆಗೆ ಈ ಕಡೆ ಒಮ್ಮೆ, ಆ ಕಡೆ ಒಮ್ಮೆ. ಮಗುಚಿದ ಎಳೆ ಉದುರಿಹೋಗುತ್ತೆ. ಹಳೇ ಚರ್ಮದ ಬೆಲ್ಟು ಇದ್ದರೆ ಅದರ ಒಳಮೈ ಮೇಲೆ ಹಿಂದಕ್ಕೆ ಎಳೆಯಿರಿ. ಬಾಯಿ ಹಿಂದೆ, ಬೆನ್ನು ಮುಂದೆ. ಕ್ಷೌರದಂಗಡಿಯಲ್ಲಿ ಹಿಂದೆ ಕತ್ತಿಯನ್ನು ಚರ್ಮಕ್ಕೆ ಎಳೆಯುತ್ತಿದ್ದದ್ದು ಇದಕ್ಕೇ.

ಈಗ ಬಾಯಿಯನ್ನು ದೀಪದ ಬೆಳಕಿಗೆ ಹಿಡಿಯಿರಿ. ಎಲ್ಲಾದರೂ ಬಿಳೀ ಚುಕ್ಕೆ ಹೊಳೆದರೆ ಅಲ್ಲಿ ಇನ್ನೂ ಮೊಂಡು. ಹರಿತವಾದ ಬಾಯಿ ಹೊಳೆಯೋದಿಲ್ಲ. ಆಮೇಲೆ ಟೊಮ್ಯಾಟೊ ಮೇಲೆ ಇಡಿ. ಒತ್ತದೆ ಎಳೆದರೇ ಸಿಪ್ಪೆ ಬಿಡಬೇಕು.

ಕೆಲಸ ಮುಗಿದ ಮೇಲೆ ಅಲಗು ತೊಳೆದು, ಒರೆಸಿ, ಒಣಗಿಸಿ ಮಡಚಿ. ಒದ್ದೆಯಲ್ಲಿ ಮಡಚಿದರೆ ಕೀಲಿಗೆ ತುಕ್ಕು. ಕೀಲಿಗೆ ಒಂದು ಹನಿ ಎಣ್ಣೆ ಬಿಡಿ. ಕಡೂರು, ಬೀರೂರು ಕಡೆ ಮನೆಮನೆಯಲ್ಲೂ ಕೊಬ್ಬರಿ ಎಣ್ಣೆ ಇದೆ. ಆದರೆ ಅದು ಇದಕ್ಕೆ ಬೇಡ. ಚಳಿಯಲ್ಲಿ ಗಟ್ಟಿಯಾಗುತ್ತೆ. ದಿನ ಕಳೆದರೆ ಅಂಟಾಗಿ ಧೂಳು ಹಿಡಿಯುತ್ತೆ. ಹೊಲಿಗೆ ಯಂತ್ರದ ಎಣ್ಣೆ ಒಳ್ಳೆಯದು.

ಕೈ ಕೊಯ್ದರೆ

ಎಷ್ಟು ಎಚ್ಚರ ಇದ್ದರೂ ಒಮ್ಮೊಮ್ಮೆ ಕೊಯ್ಯುತ್ತೆ. ಕಾಫಿಪುಡಿ, ಸುಣ್ಣ, ಸಗಣಿ ಏನೂ ಮೆತ್ತಬೇಡಿ. ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಕೈ ಎತ್ತಿ ಹಿಡಿಯಿರಿ. ಹತ್ತು ನಿಮಿಷ ಬಿಡಬೇಡಿ, ತೆಗೆದು ತೆಗೆದು ನೋಡಬೇಡಿ. ರಕ್ತ ನಿಂತ ಮೇಲೆ ನೀರು, ಸೋಪಿನಿಂದ ತೊಳೆಯಿರಿ. ರಕ್ತ ನಿಲ್ಲದಿದ್ದರೆ, ಬೆರಳು ಮಡಚಲು ಬಾರದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಮಣ್ಣು ಸೇರಿದ ಗಾಯದಿಂದ ಧನುರ್ವಾಯು ಬರಬಹುದು. ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಚುಚ್ಚುಮದ್ದು ಬೇಕಾ ಅಂತ ಅಂದೇ ಕೇಳಿ.

ಗುರುತು

ಅಡಿಕೆ ಸುಲಿಯುವ ಚಪ್ಪರದಲ್ಲಿ ಇಪ್ಪತ್ತು ಕತ್ತಿ ಇದ್ದರೆ ಯಾವುದು ಯಾರದು? ಮೊದಲು ಹಿಡಿಗೆ ಬಣ್ಣದ ದಾರ ಸುತ್ತುತ್ತಿದ್ದೆವು. ದಾರ ಹರಿದರೆ ಜಗಳ. ಈಗ ನಮಗೆ ಅಕ್ಷರ ಬರುತ್ತೆ. ಮರದ ಹಿಡಿಯಾದರೆ ಮೊಳೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ಹೆಸರಿನ ಮೊದಲ ಅಕ್ಷರ ಸುಡಬಹುದು. ಸರೋಜಮ್ಮನದು ‘ಸ’. ಸಾವಿತ್ರಮ್ಮನದು ‘ಸಾ’. ಇಬ್ಬರು ಸರೋಜಮ್ಮ ಇದ್ದರೆ ಪೂರ್ತಿ ಬರೆಯಬೇಕು, ಬೇರೆ ದಾರಿಯಿಲ್ಲ. ಪ್ಲಾಸ್ಟಿಕ್ ಹಿಡಿಗೆ ಬಿಸಿ ಮೊಳೆ ತಾಗಿಸಬೇಡಿ, ಕರಗುತ್ತೆ. ಅದರ ಮೇಲೆ ಚೂಪಾದ ಮೊಳೆಯಿಂದ ಗೀಚಿದರೆ ಸಾಕು.

ಮಾಡಿ ನೋಡಿ, ಮಾತಾಡಿ

ನಿಮ್ಮ ಮನೆಯಲ್ಲಿ ಕೊಯ್ಯುವ ಸಾಮಾನು ಎಷ್ಟಿವೆ? ಮಚ್ಚು, ಕುಡುಗೋಲು, ಕೊಡಲಿ, ಈಳಿಗೆ ಮಣೆ, ಚಾಕು, ಅಡಕತ್ತರಿ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆಯಿರಿ.

ಒಂದೊಂದರ ಮುಂದೆಯೂ ಮೂರು ಹೆಸರು ಬರೆಯಿರಿ: ಕೊಂಡವರು ಯಾರು? ದಿನಾ ಬಳಸುವವರು ಯಾರು? ಮಸೆಯುವವರು ಯಾರು?

ಹಾಳೆಯನ್ನು ಮುಂದಿನ ವಾರ ಕಲಿಕಾ ಕೇಂದ್ರಕ್ಕೆ ತನ್ನಿ. ಜೊತೆಗೆ ಮನೆಯ ಅತಿ ಮೊಂಡು ಚಾಕುವನ್ನೂ ಬಟ್ಟೆ ಸುತ್ತಿ ತನ್ನಿ. ಕಲ್ಲು ಅಲ್ಲಿ ಇರುತ್ತೆ.